ಕ್ಯಾಲಿಫೋರ್ನಿಯಾದಲ್ಲಿ ಉಳಿದುಹೋಗಿದ್ದ ನನ್ನ ಹಣ ಕೈಗೆ ಬಂದ ಬಗೆ

2014ರಲ್ಲಿ ಸ್ಯಾನ್ ಹೋಸೆ ಬಿಟ್ಟು ಟೆಕ್ಸಾಸ್‌ಗೆ ಬಂದಾಗ ನನ್ನದೇ ಎರಡು ಚೆಕ್ಕು ಅಲ್ಲೇ ಉಳಿದಿದ್ದವು. ಅದು ನನಗೆ ಗೊತ್ತಾಗಿದ್ದು 2023ರಲ್ಲಿ. ಒಂದು, ಬಾಡಿಗೆ ಮನೆಯ ಡಿಪಾಸಿಟ್‌ನಲ್ಲಿ ವಾಪಸ್ ಬರಬೇಕಿದ್ದ 412 ಡಾಲರ್. ಇನ್ನೊಂದು, ಬಿಟ್ಟ ಕೆಲಸದ ಕೊನೆಯ ಸಂಬಳ, 1,386 ಡಾಲರ್. ಎರಡೂ ಚೆಕ್ಕು ಹಳೇ ವಿಳಾಸಕ್ಕೇ ಹೋಗಿದ್ದವು. ನಾನು ಅಲ್ಲಿ ಇರಲಿಲ್ಲ, ಅಷ್ಟೇ.

ಇಂಥ ಹಣವನ್ನು ಅಮೆರಿಕದಲ್ಲಿ ಕಂಪನಿಯವರು ತಾವೇ ಇಟ್ಟುಕೊಳ್ಳುವ ಹಾಗಿಲ್ಲ. ಇಷ್ಟು ವರ್ಷ ಯಾರೂ ಕೇಳದಿದ್ದರೆ ರಾಜ್ಯ ಸರ್ಕಾರಕ್ಕೆ ಒಪ್ಪಿಸಬೇಕು ಅಂತ ಕಾನೂನಿದೆ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ 3 ವರ್ಷ, ಸಂಬಳಕ್ಕೆ 1 ವರ್ಷ. ಆಮೇಲೆ ಅದು ರಾಜ್ಯದ ಹಣದ ಲೆಕ್ಕ ನೋಡಿಕೊಳ್ಳುವ ಸ್ಟೇಟ್ ಕಂಟ್ರೋಲರ್ ಆಫೀಸಿನಲ್ಲಿ ನಿಮ್ಮ ಹೆಸರಿನಲ್ಲೇ ಇರುತ್ತದೆ. ಟೆಕ್ಸಾಸ್‌ನಲ್ಲಿ ಇದನ್ನು ನೋಡಿಕೊಳ್ಳುವುದು ಕಂಪ್ಟ್ರೋಲರ್, ಇಲಿನಾಯ್‌ನಲ್ಲಿ ಟ್ರೆಷರರ್. ಕ್ಯಾಲಿಫೋರ್ನಿಯಾದಲ್ಲಿ ಹಣ ಕೇಳುವುದಕ್ಕೆ ಕೊನೆಯ ದಿನಾಂಕ ಅಂತ ಇಲ್ಲ. ಹತ್ತು ವರ್ಷ ಬಿಟ್ಟು ಹೋದರೂ ನಿಮ್ಮ ಹಣ ನಿಮ್ಮದೇ.

ಮೊದಲು ನಾನು ನೋಡಿದ್ದು ಮಿಸ್ಸಿಂಗ್‌ಮನಿ ಡಾಟ್ ಕಾಮ್. ಬಹಳಷ್ಟು ರಾಜ್ಯಗಳ ಪಟ್ಟಿ ಅಲ್ಲಿ ಒಟ್ಟಿಗೆ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ಆಮೇಲೆ ಕ್ಯಾಲಿಫೋರ್ನಿಯಾದ ಸ್ವಂತ ಸೈಟು, ಕ್ಲೇಮ್‌ಇಟ್ ಡಾಟ್ ಸಿಎ ಡಾಟ್ ಗವ್. ನನ್ನ ಹೆಸರು, ಸರ್‌ನೇಮ್ ಸರಿಯಾಗಿ ಹಾಕಿದೆ. ಏನೂ ಬರಲಿಲ್ಲ. ನಮ್ಮದೇನೂ ಇಲ್ಲ ಬಿಡು ಅಂದುಕೊಂಡು ಮುಚ್ಚುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಕೇಳಿದಳು, "ಆಗ ನಿಮ್ಮ ಪೇಸ್ಲಿಪ್‌ನಲ್ಲಿ ಹೆಸರು ಹೇಗಿತ್ತು?"

ಅಲ್ಲೇ ಇದ್ದದ್ದು ವಿಷಯ. ನನ್ನ ಮೊದಲ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಇರಲಿಲ್ಲ. ನಮ್ಮ ಕಡೆ ಎಷ್ಟೋ ಜನರದ್ದು ಹಾಗೇ ಅಲ್ವಾ, ಇನಿಷಿಯಲ್ ಇರುತ್ತದೆ, ಮನೆತನದ ಹೆಸರು ಇರುವುದಿಲ್ಲ. ಹಾಗಿದ್ದರೆ ಅಮೆರಿಕದ ವೀಸಾದಲ್ಲಿ ಇದ್ದ ಒಂದೇ ಹೆಸರು ಸರ್‌ನೇಮ್ ಜಾಗಕ್ಕೆ ಹೋಗುತ್ತದೆ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಬರುತ್ತದೆ. ಮೊದಲ ಹೆಸರು ತಿಳಿದಿಲ್ಲ ಅಂತ ಅದರ ಅರ್ಥ. ಅಲ್ಲಿಂದ ಸೋಷಿಯಲ್ ಸೆಕ್ಯುರಿಟಿ ಕಾರ್ಡು, ಬ್ಯಾಂಕು, ಕಂಪನಿ, ಎಲ್ಲ ಕಡೆ ನಾನು ಎಫ್‌ಎನ್‌ಯು. 2016ರಲ್ಲಿ ಪಾಸ್‌ಪೋರ್ಟ್ ರಿನ್ಯೂ ಮಾಡಿಸುವಾಗ ಅಪ್ಪನ ಹೆಸರನ್ನು ಸರ್‌ನೇಮ್ ಮಾಡಿಸಿದೆ. ಅಂದರೆ ಈಗಿನ ನಾನು ಆ ಹಳೇ ಪಟ್ಟಿಯಲ್ಲಿ ಇಲ್ಲವೇ ಇಲ್ಲ.

ಲಾಸ್ಟ್ ನೇಮ್ ಜಾಗದಲ್ಲಿ ನನ್ನ ಹೆಸರನ್ನೇ ಹಾಕಿ ಹುಡುಕಿದೆ. ಪುಟ ತುಂಬ ಸಾಲುಗಳು ಬಂದವು. ಒಂದೊಂದಾಗಿ ಕೆಳಗೆ ಹೋಗುತ್ತಿದ್ದಾಗ ನಮ್ಮ ಹಳೇ ರಸ್ತೆಯ ಹೆಸರು ಕಂಡಿತು, ಪಕ್ಕದಲ್ಲಿ ಎರಡನೇ ಮಹಡಿಯ ನಮ್ಮ ಮನೆ ನಂಬರು. ಮಗಳು ಹುಟ್ಟಿದ್ದು ಆ ಮನೆಯಲ್ಲಿದ್ದಾಗ. ಒಂದು ನಿಮಿಷ ಸುಮ್ನೆ ಅದನ್ನೇ ನೋಡುತ್ತಾ ಕೂತೆ. ಅದು ಸಂಬಳದ ಹಣ. ಡಿಪಾಸಿಟ್ ಸಿಕ್ಕಿದ್ದು ಆಮೇಲೆ, ಹೆಸರಿನ ಕೊನೆಯ 'ಎ' ತೆಗೆದು ಹುಡುಕಿದಾಗ.

ಅದಕ್ಕೇ ಹೇಳುವುದು, ಒಂದು ಸಲ ಹುಡುಕಿ ಬಿಡಬೇಡಿ. ನಿಮ್ಮ ಹೆಸರು ಮಂಜುನಾಥ ಅಂತ ಇಟ್ಟುಕೊಳ್ಳಿ. ಕೊನೆಗೆ 'ಎ' ಇದ್ದು, ಇಲ್ಲದೆ, 'ಟಿಎಚ್' ಬದಲು ಬರೀ 'ಟಿ' ಹಾಕಿ, ಮಂಜು ಮತ್ತು ನಾಥ ಬೇರೆ ಮಾಡಿ, ಹಿಂದುಮುಂದು ಮಾಡಿ, ಊರಿನ ಹೆಸರು ಸರ್‌ನೇಮ್ ಆಗಿದ್ದರೆ ಅದನ್ನೂ ಹಾಕಿ, ಹೆಣ್ಣುಮಕ್ಕಳಾದರೆ ಮದುವೆಗೆ ಮುಂಚಿನ ಹೆಸರಿನಲ್ಲೂ ನೋಡಿ. ನೀವು ಇದ್ದ ಪ್ರತಿ ರಾಜ್ಯದಲ್ಲೂ ನೋಡಿ. ಡೆಲವೇರ್‌ನಲ್ಲಿ ಇರದಿದ್ದರೂ ಅಲ್ಲಿ ಒಮ್ಮೆ ನೋಡಿ. ಕಂಪನಿಯ ಹತ್ತಿರ ನಿಮ್ಮ ವಿಳಾಸವೇ ಇಲ್ಲದಿದ್ದರೆ ಹಣ ಆ ಕಂಪನಿ ನೋಂದಣಿಯಾದ ರಾಜ್ಯಕ್ಕೆ ಹೋಗುತ್ತದೆ. 1965ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ನಿಯಮ ಇದು. ತುಂಬಾ ಕಂಪನಿಗಳು ನೋಂದಣಿಯಾಗಿರುವುದು ಡೆಲವೇರ್‌ನಲ್ಲೇ.

ಎರಡನ್ನೂ ಒಂದೇ ಕ್ಲೇಮ್‌ನಲ್ಲಿ ಸೇರಿಸಿದೆ. ಫಾರಂ ತುಂಬುವುದು ಹತ್ತು ನಿಮಿಷದ ಕೆಲಸ. ಕಷ್ಟ ಇದ್ದದ್ದು ಆ ಎಫ್‌ಎನ್‌ಯು ನಾನೇ ಅಂತ ತೋರಿಸುವುದರಲ್ಲಿ. ಈಗಿನ ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಹೆಸರು ಬೇರೆ, ವಿಳಾಸ ಬೇರೆ. ಗ್ಯಾರೇಜಿನಲ್ಲಿದ್ದ ನೀಲಿ ಸೂಟ್‌ಕೇಸ್ ತೆಗೆದೆ. ಅದರಲ್ಲಿ 2013ರ ಡಬ್ಲ್ಯೂ-2 ಸಿಕ್ಕಿತು, ಅಂದರೆ ವರ್ಷದ ಸಂಬಳ, ತೆರಿಗೆ ತೋರಿಸಿ ಕಂಪನಿ ಕೊಡುವ ಹಾಳೆ. ಹಳೇ ಹೆಸರು, ಹಳೇ ವಿಳಾಸ, ಸೋಷಿಯಲ್ ಸೆಕ್ಯುರಿಟಿ ನಂಬರು, ಮೂರೂ ಒಂದೇ ಹಾಳೆಯಲ್ಲಿ! ಅದಕ್ಕಿಂತ ಒಳ್ಳೆ ದಾಖಲೆ ಇನ್ನೊಂದಿಲ್ಲ. ಅದರ ಜೊತೆ ಮೂಲೆ ಕತ್ತರಿಸಿದ ಹಳೇ ಪಾಸ್‌ಪೋರ್ಟಿನ ವೀಸಾ ಪುಟದ ಪ್ರತಿ, ಹೊಸ ಪಾಸ್‌ಪೋರ್ಟಿನ ಪ್ರತಿ, ಹೆಸರು ಯಾಕೆ ಬದಲಾಯಿತು ಅಂತ ಅರ್ಧ ಪುಟದ ಪತ್ರ ಇಟ್ಟೆ. ಎರಡು ಪಾಸ್‌ಪೋರ್ಟಿನಲ್ಲೂ ಹುಟ್ಟಿದ ದಿನಾಂಕ ಒಂದೇ ಇದೆ ಅಂತ ಪತ್ರದಲ್ಲಿ ಬರೆದು, ಪ್ರತಿಗಳಲ್ಲಿ ಅದಕ್ಕೆ ಪೆನ್ನಿನಲ್ಲಿ ಗುಂಡಗೆ ಗುರುತು ಹಾಕಿದೆ. ಮೊತ್ತ ಸಾವಿರ ಡಾಲರ್ ದಾಟಿದ್ದರಿಂದ ನೋಟರಿ ಮುಂದೆ ಸಹಿ ಮಾಡಬೇಕಾಯಿತು. ಕಳಿಸುವ ಮುಂಚೆ ಎಲ್ಲದರ ಫೋಟೋ ತೆಗೆದಿಟ್ಟುಕೊಂಡೆ.

ಈ ನಡುವೆ ಒಂದು ಪತ್ರ ಬಂತು. ನಿಮ್ಮ ಹಣ ಇದೆ, ನಾವು ತೆಗೆಸಿಕೊಡುತ್ತೇವೆ, ನಮಗೆ ಪಾಲು ಕೊಡಿ ಅಂತ. ಇಂಥವರು ಇರುತ್ತಾರೆ, ಕ್ಯಾಲಿಫೋರ್ನಿಯಾದಲ್ಲಿ ಅವರು ಶೇಕಡಾ 10ಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. ಆದರೆ ಅವರು ಮಾಡುವುದು ನಾನು ಮಾಡಿದ ಕೆಲಸವನ್ನೇ. ಸರ್ಕಾರ ಇದಕ್ಕೆ ಒಂದು ಸೆಂಟೂ ಕೇಳುವುದಿಲ್ಲ. ಮೊದಲು ಫೀಸು ಕಟ್ಟಿ ಅಂತ ಯಾರಾದರೂ ಫೋನ್ ಮಾಡಿದರೆ ಮಾತೇ ಆಡಬೇಡಿ, ಇಟ್ಟುಬಿಡಿ.

ಕ್ಲೇಮ್ ಪರಿಶೀಲಿಸಲು 180 ದಿನ ಅವಕಾಶ ಇದೆ. ನಾನು ಕ್ಲೇಮ್ ನಂಬರು ಹಾಕಿ ಆಗಾಗ ಸೈಟಿನಲ್ಲಿ ನೋಡುತ್ತಿದ್ದೆ. ಐದನೇ ತಿಂಗಳು ಚೆಕ್ಕು ಬಂತು, 1,798 ಡಾಲರ್. ಬಡ್ಡಿ ಸೇರಿರಲಿಲ್ಲ, ಕಡಿತವೂ ಆಗಿರಲಿಲ್ಲ.

ನನಗೆ ಈಗ ಜಾಸ್ತಿ ಯೋಚನೆ ಇರುವುದು ಕೆಲಸ ಮುಗಿಸಿ ಊರಿಗೆ ವಾಪಸ್ ಹೋದವರ ಬಗ್ಗೆ. ವೀಸಾ ಮುಗಿದು ಗಡಿಬಿಡಿಯಲ್ಲಿ ಹೊರಟವರ ಎಷ್ಟು ಡಿಪಾಸಿಟ್, ಎಷ್ಟು ಕೊನೆಯ ಸಂಬಳ ಇಲ್ಲಿ ಉಳಿದಿರಬೇಕು! ಅಲ್ಲಿಂದಲೂ ಹುಡುಕಬಹುದು, ಕ್ಲೇಮ್ ಹಾಕಬಹುದು. ಮೈಸೂರಿಗೆ ಹೋದ ಗೆಳೆಯನ ಹೆಸರು ಹೋದ ತಿಂಗಳು ಹುಡುಕಿದೆ. ಕರೆಂಟಿನ ಡಿಪಾಸಿಟ್ 150 ಡಾಲರ್ ಸಿಕ್ಕಿತು, ಹೆಸರು ತಿರುವುಮುರುವಾಗಿತ್ತು. ಹಳೇ ವಿಳಾಸ ಇರುವ ಕಾಗದ ಏನೂ ಇಲ್ಲ ಅಂದ. ಹಳೇ ಇಮೇಲ್‌ಗಳನ್ನು ನೋಡು ಅಂದೆ. ಮರುದಿನ ಬೆಳಿಗ್ಗೆ 2012ರ ಬ್ಯಾಂಕ್ ಸ್ಟೇಟ್‌ಮೆಂಟ್ ಕಳಿಸಿದ್ದ. ಫಾರಂ ಹೋದ ವಾರ ಪೋಸ್ಟ್ ಮಾಡಿದ್ದಾನೆ.