ಎರೆಭೂಮಿಯ ಮನೆಯಲ್ಲಿ ಪ್ಲಗ್-ಇನ್ ಹೈಬ್ರಿಡ್ ಕಾರಿಗೆ ಚಾರ್ಜಿಂಗ್ ಪಾಯಿಂಟ್: ನನ್ನ ಅನುಭವ

ವಿದ್ಯುತ್ ಕಾಮಗಾರಿಯ ಗುತ್ತಿಗೆ ನನ್ನ ವೃತ್ತಿ. ಹುಬ್ಬಳ್ಳಿಯ ವಿದ್ಯಾನಗರದ ಹಳೆಯ ಮನೆಯೊಂದರಲ್ಲಿ ಪ್ಲಗ್-ಇನ್ ಹೈಬ್ರಿಡ್ ಕಾರಿಗೆ (ಪೆಟ್ರೋಲ್ ಎಂಜಿನ್ನಿನ ಜೊತೆಗೆ ಪ್ಲಗ್ಗಿನಿಂದ ತುಂಬುವ ಬ್ಯಾಟರಿಯೂ ಇರುವ ಕಾರು) ಚಾರ್ಜಿಂಗ್ ಪಾಯಿಂಟ್ ಕೂಡಿಸುವ ಕೆಲಸ ಬಂದಾಗ, ನಿಜವಾದ ಚಾರ್ಜರ್ ಕಾರಿನೊಳಗೇ ಇದೆ ಎಂಬುದನ್ನು ಮನೆಯವರಿಗೆ ಮೊದಲು ತಿಳಿಸಿದೆ. ಚಾರ್ಜಿಂಗ್ ಪಾಯಿಂಟ್ ಎಂಬ ಗೋಡೆಯ ಪೆಟ್ಟಿಗೆ 230 ವೋಲ್ಟಿನ ಎಸಿ (ದಿಕ್ಕು ಬದಲಿಸುತ್ತ ಹರಿಯುವ) ವಿದ್ಯುತ್ತನ್ನು ಸುರಕ್ಷಿತವಾಗಿ ದಾಟಿಸುತ್ತದೆ, ಅಷ್ಟೆ. ಅದನ್ನು ಡಿಸಿಗೆ (ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್ತಿಗೆ) ತಿರುಗಿಸಿ, ಬ್ಯಾಟರಿಗೆ ತಕ್ಕ ವೋಲ್ಟೇಜಿಗೆ ಹೊಂದಿಸಿ ತುಂಬುವುದು ಕಾರಿನ ಆನ್‌ಬೋರ್ಡ್ ಚಾರ್ಜರಿನ ಕೆಲಸ. ಆ ಕಾರಿನಲ್ಲಿ ಅದರ ಸಾಮರ್ಥ್ಯ 3.7 ಕಿಲೋವ್ಯಾಟ್, ಎಂದರೆ 16 ಆಂಪಿಯರ್. ಗೋಡೆಗೆ 7 ಕಿಲೋವ್ಯಾಟಿನ ದುಬಾರಿ ಪೆಟ್ಟಿಗೆ ಹಾಕಿದರೂ ಕಾರು 3.7ಕ್ಕಿಂತ ಹೆಚ್ಚು ಎಳೆಯುವುದಿಲ್ಲ. ಸುಮಾರು 10 ಯೂನಿಟ್ ಹಿಡಿಯುವ ಬ್ಯಾಟರಿ ಮೂರು-ನಾಲ್ಕು ಗಂಟೆಗಳಲ್ಲಿ ತುಂಬುವುದರಿಂದ ಅದರ ಅಗತ್ಯವೂ ಇರಲಿಲ್ಲ.

ಕಾರು ಎಷ್ಟು ಎಳೆಯಬಹುದೆಂಬುದು ಟೈಪ್ 2 ಪ್ಲಗ್ಗಿನ (ಕಾರಿಗೆ ಚುಚ್ಚುವ ಪ್ಲಗ್ಗಿನ ಒಂದು ಮಾದರಿ) ಪೈಲಟ್ ಪಿನ್ನಿನಲ್ಲಿ, ಎಂದರೆ ಪೆಟ್ಟಿಗೆಯೂ ಕಾರೂ ಸಂಕೇತದಿಂದ ಮಾತಾಡಿಕೊಳ್ಳುವ ಪಿನ್ನಿನಲ್ಲಿ, ನಿರ್ಧಾರವಾಗುತ್ತದೆ. ಅಲ್ಲಿ ಮೊದಲು 12 ವೋಲ್ಟ್ ಇರುತ್ತದೆ. ಪ್ಲಗ್ ಕೂಡಿಸಿದೊಡನೆ 9ಕ್ಕೆ, ಕಾರು ಸಿದ್ಧವಾದಾಗ 6ಕ್ಕೆ ಇಳಿಯುತ್ತದೆ. ಆಮೇಲಷ್ಟೇ ಪೆಟ್ಟಿಗೆಯ ಕಾಂಟ್ಯಾಕ್ಟರ್ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಕೂಡಿಕೊಂಡು ವಿದ್ಯುತ್ ಹರಿಯತೊಡಗುತ್ತದೆ. ಸೆಕೆಂಡಿಗೆ 1000 ಬಾರಿ ಮಿಡಿಯುವ ಆ ಪಿನ್ನಿನ ಸಂಕೇತ ಪ್ರತಿ ಮಿಡಿತದ ಶೇ. 26.7ರಷ್ಟು ಹೊತ್ತು ಮೇಲಿದ್ದರೆ ಕಾರಿಗೆ 16 ಆಂಪಿಯರಿನ ಅನುಮತಿ, ಶೇ. 16.7ರಷ್ಟಿದ್ದರೆ 10 ಆಂಪಿಯರಿನದು. ಮನೆಯ ಮಂಜೂರಾದ ಲೋಡ್ (ವಿದ್ಯುತ್ ಕಂಪನಿ ಒಪ್ಪಿದ ಬಳಕೆಯ ಮಿತಿ) ಹೆಚ್ಚಿಸಿಕೊಳ್ಳುವವರೆಗೆ ನಾನು 10ಕ್ಕೇ ಹೊಂದಿಸಿದ್ದೆ.

ಶ್ರಮವೆಲ್ಲ ಹೋದದ್ದು ಅರ್ಥಿಂಗ್‌ಗೆ, ಎಂದರೆ ಸೋರಿದ ವಿದ್ಯುತ್ತನ್ನು ನೆಲಕ್ಕಿಳಿಸುವ ವ್ಯವಸ್ಥೆಗೆ. ಹುಬ್ಬಳ್ಳಿಯ ಎರೆಮಣ್ಣು ಬೇಸಿಗೆಯಲ್ಲಿ ಕುಗ್ಗಿ ಬಿರಿಯುವುದರಿಂದ ಅರ್ಥ್ ಪೈಪಿಗೂ ಮಣ್ಣಿಗೂ ನಡುವೆ ಸಂದು ಬೀಳುತ್ತದೆ. ಮಳೆಗಾಲದಲ್ಲಿ ಚೆನ್ನಾಗಿದ್ದ ಅರ್ಥಿಂಗ್ ಏಪ್ರಿಲ್ ಹೊತ್ತಿಗೆ ಹೆಸರಿಗಷ್ಟೇ ಉಳಿದಿರುತ್ತದೆ. ಫ್ರಿಜ್ಜಾಗಲಿ ಟಿವಿಯಾಗಲಿ ಅದನ್ನು ಲೆಕ್ಕಿಸದೆ ನಡೆಯುತ್ತವೆ, ಆದರೆ ಚಾರ್ಜಿಂಗ್ ಪೆಟ್ಟಿಗೆ ಅರ್ಥನ್ನು ತಾನೇ ಪರೀಕ್ಷಿಸಿ, ಕೆಂಪು ದೀಪ ತೋರಿಸಿ ನಿಂತುಬಿಟ್ಟಿತು. ಇಂಥಲ್ಲಿ ನ್ಯೂಟ್ರಲ್ಲನ್ನೇ (ವಿದ್ಯುತ್ ಮರಳುವ ತಂತಿಯನ್ನೇ) ಅರ್ಥ್ ಪಿನ್ನಿಗೆ ಜೋಡಿಸಿ ದೀಪವನ್ನು ಹಸಿರು ಮಾಡಿಕೊಡುವ ಕುಶಲಿಗಳು ನಮ್ಮಲ್ಲಿದ್ದಾರೆ. ನ್ಯೂಟ್ರಲ್ ಕಡಿದ ದಿನ ಕಾರಿನ ಲೋಹದ ಮೈಯೆಲ್ಲ 230 ವೋಲ್ಟಿನಲ್ಲಿ ನಿಂತಿರುತ್ತದೆ ಎಂಬುದನ್ನು ಅವರು ಹೇಳುವುದಿಲ್ಲ.

ನಾನು ಹಿತ್ತಲಿನಲ್ಲಿ ಹೊಸ ಗುಂಡಿ ತೋಡಿಸಿ, ತಾಮ್ರದ ಲೇಪನವಿರುವ 3 ಮೀಟರಿನ ರಾಡ್ ಇಳಿಸಿ, ಸುತ್ತಲೂ ನೀರನ್ನು ಹಿಡಿದಿಡುವ ಬೆಂಟೋನೈಟ್ ಜೇಡಿಮಣ್ಣು ತುಂಬಿಸಿದೆ. ಉಪ್ಪು-ಇದ್ದಿಲಿನ ಹಳೆಯ ಪದ್ಧತಿ ಅಗ್ಗವೇನೋ ಹೌದು, ಆದರೆ ಉಪ್ಪು ಲೋಹವನ್ನೇ ತಿನ್ನುತ್ತದೆ. ಅರ್ಥ್ ಟೆಸ್ಟರಿನಲ್ಲಿ ಅಳತೆ 5 ಓಮ್‌ಗಿಂತ ಕೆಳಗೆ ಬಂದ ಮೇಲೆಯೇ ಪೆಟ್ಟಿಗೆಯನ್ನು ಮತ್ತೆ ಕೂಡಿಸಿದೆ. ಹಾಗಿದ್ದರೂ ಎಂಸಿಬಿ (ಪ್ರವಾಹ ಮಿತಿಮೀರಿದರೆ ತಾನೇ ಕಡಿತಗೊಳಿಸುವ ಸ್ವಿಚ್) ಒಂದನ್ನೇ ನಂಬುವಂತಿಲ್ಲ: 5 ಓಮ್ ದಾರಿಯಲ್ಲಿ ದೋಷದ ಪ್ರವಾಹ 46 ಆಂಪಿಯರ್ ದಾಟುವುದಿಲ್ಲ, 20 ಆಂಪಿಯರಿನ ಸಿ ಮಾದರಿಯ ಎಂಸಿಬಿ ತಕ್ಷಣ ಬೀಳಬೇಕಾದರೆ ಕನಿಷ್ಠ 100 ಬೇಕು. ಆದ್ದರಿಂದ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಕಡಿತಗೊಳಿಸುವ ಸ್ವಿಚ್) ಕಡ್ಡಾಯ. ಅದೂ ಎ ಮಾದರಿಯದಾಗಿರಬೇಕು (ಮಿಡಿಯುವ ಡಿಸಿ ಸೋರಿಕೆಯನ್ನೂ ಗುರುತಿಸುವಂಥದ್ದು), ಜೊತೆಗೆ ಪೆಟ್ಟಿಗೆಯೊಳಗೆ 6 ಮಿಲಿಆಂಪಿಯರಿನ ಡಿಸಿ ಸೋರಿಕೆಯನ್ನು ಗುರುತಿಸುವ ವ್ಯವಸ್ಥೆ ಇರಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಎಸಿ ಮಾದರಿಯದು ಡಿಸಿ ಸೋರಿಕೆಯಾದಾಗ ಮಂಕಾಗಿ ಬೀಳದೆಯೇ ಉಳಿಯಬಹುದು. ಮೀಟರಿನಿಂದ ಪ್ರತ್ಯೇಕವಾಗಿ 4 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದೆ, ಏಕೆಂದರೆ ಗೀಸರಿನಂತೆ ಈ ಲೋಡ್ ಅರ್ಧ ಗಂಟೆಗೆ ಮುಗಿಯುವುದಲ್ಲ.

ಧಾರವಾಡ ಎತ್ತರದಲ್ಲಿರುವುದರಿಂದ ಅಲ್ಲಿಂದ ಇಳಿದು ಬರುವಾಗ ಬ್ರೇಕಿನಿಂದಲೇ ಬ್ಯಾಟರಿ ತುಂಬಬಹುದಲ್ಲವೇ ಎಂದು ಮನೆಯ ಯಜಮಾನರು ಕೇಳಿದರು. 2 ಟನ್ ತೂಕದ ಕಾರು 70 ಮೀಟರ್ ಇಳಿದರೆ, ಏನೂ ಸೋರದಿದ್ದರೂ, ದೊರೆಯುವುದು 0.4 ಯೂನಿಟ್ಟಿಗಿಂತ ಕಡಿಮೆ ಎಂದು ಲೆಕ್ಕ ಬರೆದು ತೋರಿಸಿದೆ. ಓಡುವಾಗ ಎಂಜಿನ್ನಿನಿಂದಲೇ ಬ್ಯಾಟರಿ ತುಂಬಿಸುವ ಗುಂಡಿಯೂ ಆ ಕಾರಿನಲ್ಲಿದೆ. ಪೆಟ್ರೋಲು ಉರಿಸಿ ವಿದ್ಯುತ್ ಮಾಡಿ, ಅದನ್ನು ಬ್ಯಾಟರಿಗಿಳಿಸಿ, ಮತ್ತೆ ಮೋಟಾರಿಗೆ ಕೊಡುವ ಹಾದಿಯಲ್ಲಿ ಪ್ರತಿ ಹಂತಕ್ಕೂ ನಷ್ಟವಿರುವುದರಿಂದ, ಮನೆಯಲ್ಲಿ ಪ್ಲಗ್ ಇರುವವರು ಅದನ್ನು ಒತ್ತುವ ಅಗತ್ಯವಿಲ್ಲವೆಂದು ತಿಳಿಸಿ ಕೆಲಸ ಒಪ್ಪಿಸಿದೆ.