ಮಂಗಳೂರಿನ ದಡದಲ್ಲಿ ಗಾಳ: ಮೊದಲ ದಿನ ರಾಡ್ ಮನೆಯಲ್ಲೇ ಇರಲಿ

ಘಟ್ಟದ ಮೇಲಿನಿಂದ ಕೆಲಸಕ್ಕೆಂದು ಮಂಗಳೂರಿಗೆ ಬಂದವರು ಮೊದಲ ಭಾನುವಾರವೇ ರಾಡ್ ಹಿಡಿದು ತಣ್ಣೀರುಬಾವಿ ಬೀಚಿಗೆ ಹೋಗುತ್ತಾರೆ. ಕೆರೆ, ಹೊಳೆಯಲ್ಲಿ ಗಾಳ ಹಾಕಿ ಅಭ್ಯಾಸ ಇರುತ್ತದೆ. ಸಮುದ್ರ ದೊಡ್ಡದು, ಮೀನೂ ದೂರವೇ ಇರಬೇಕು ಅಂದುಕೊಂಡು ಸೊಂಟದವರೆಗೆ ನೀರಿಗಿಳಿಯುತ್ತಾರೆ. ಮೈಯಲ್ಲಿರುವ ಶಕ್ತಿಯೆಲ್ಲ ಹಾಕಿ ಬೀಸುತ್ತಾರೆ. ಮೂರು ಗಂಟೆ ನಿಂತು ಬರಿಗೈಯಲ್ಲಿ ವಾಪಸ್ ಹೋಗುತ್ತಾರೆ.

ಭದ್ರಾವತಿಯಿಂದ ಬಂದ ಹೊಸತರಲ್ಲಿ ನಾನೂ ಎರಡು ತಿಂಗಳು ಹೀಗೇ ಮಾಡಿದೆ. ಒಂದು ದಿನ ಕೈರಂಪಣಿ, ಅಂದರೆ ದಡದಲ್ಲಿ ನಿಂತು ಕೈಯಿಂದಲೇ ಎಳೆಯುವ ಉದ್ದನೆಯ ಬಲೆ, ಎಳೆಯಲು ಬಂದಿದ್ದ ಹಿರಿಯರೊಬ್ಬರು ಸ್ವಲ್ಪ ಹೊತ್ತು ನಿಂತು ನೋಡಿದರು. "ಅಷ್ಟು ದೂರ ಯಾಕೆ ಬಿಸಾಡುದು ಮಾರಾಯ್ರೆ? ಮೀನು ನಿಮ್ಮ ಕಾಲಿನ ಹತ್ರವೇ ಉಂಟಲ್ಲ" ಅಂದರು. ಕಾಣೆ ಮೀನು ದಡದ ಮರಳಿನಲ್ಲೇ ಮೇಯುವ ಮೀನು. ನನ್ನ ಗಾಳ ಅದರ ತಲೆಯ ಮೇಲಿಂದ ಹಾರಿ ಆಚೆ ಬೀಳುತ್ತಿತ್ತು.

ಸಾಮಾನಿನ ವಿಷಯ ಬೇಗ ಮುಗಿಸೋಣ. 8ರಿಂದ 9 ಅಡಿಯ ರಾಡ್, 4000 ಸೈಜಿನ ರೀಲ್, 0.30 ಮಿಲಿಮೀಟರ್ ನೈಲಾನ್ ದಾರ, 40ರಿಂದ 60 ಗ್ರಾಂ ತೂಕದ ಸೀಸ ಸಾಕು. ಗಾಳದ ಮುಳ್ಳು ಮಾತ್ರ ಚಿಕ್ಕದಿರಲಿ, ಕಾಣೆಯ ಬಾಯಿ ಚಿಕ್ಕದು. ದಾರದ ತುದಿಗೆ ಸೀಸ, ಅದರ ಮೇಲೆ ಗೇಣುದ್ದ ಬಿಟ್ಟು ಎರಡು ಮುಳ್ಳು ಕಟ್ಟಿ. ಗಂಟು ಬಿಗಿಯುವ ಮೊದಲು ಎಂಜಲು ಹಚ್ಚಿ ಒದ್ದೆ ಮಾಡಿ, ಇಲ್ಲದಿದ್ದರೆ ದಾರ ಬಿಸಿಯಾಗಿ ಅಲ್ಲೇ ಕಡಿಯುತ್ತದೆ. ರಾಡ್, ರೀಲ್, ಡಬ್ಬಿ ಎಲ್ಲ ಸೇರಿಸಿ ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಮಾರುವ ಕಾಂಬೋ ಕಿಟ್ ಕೊಳ್ಳಲೇಬೇಡಿ. ನಾನು ಕೊಂಡದ್ದರ ಹ್ಯಾಂಡಲ್ ಮೂರನೇ ವಾರಕ್ಕೆ ತಿರುಗಲಿಲ್ಲ. ಬಿಚ್ಚಿದರೆ ಒಳಗಿನ ಬೇರಿಂಗ್ ತುಕ್ಕು ಹಿಡಿದು ಕೆಂಪಗಾಗಿತ್ತು. ದುಡ್ಡು ಕಡಿಮೆ ಇದ್ದರೆ ಖಾಲಿ ಬಾಟಲಿಗೆ ದಾರ ಸುತ್ತಿ ಕೈಯಿಂದಲೇ ಎಸೆಯಿರಿ. ಆ ಕಿಟ್‌ಗಿಂತ ಇದು ಎಷ್ಟೋ ವಾಸಿ.

ಎಲ್ಲರೂ ಎಡವುವುದು ಜಾಗ ನೋಡುವುದರಲ್ಲಿ. ಮೊಬೈಲಿನಲ್ಲಿ ಮಂಗಳೂರಿನ ಅಥವಾ ಮಲ್ಪೆಯ ಉಬ್ಬರ-ಇಳಿತದ ಸಮಯ ತೆಗೆಯಿರಿ. ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಆ ಸಮಯ ಪ್ರತಿದಿನ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ವಾರಕ್ಕೆ ಅದು ಹತ್ತಿರ ಹತ್ತಿರ 6 ಗಂಟೆ. ಹೋದ ಭಾನುವಾರ ಬೆಳಿಗ್ಗೆ 6ಕ್ಕೆ ನೀರು ಏರಿದ್ದರೆ ಈ ಭಾನುವಾರ ಅದೇ ಹೊತ್ತಿಗೆ ಇಳಿದಿರುತ್ತದೆ. "ಹೋದ ವಾರ ಸಿಕ್ಕಿತ್ತು, ಈ ವಾರ ಏನೂ ಇಲ್ಲ" ಅನ್ನುವವರ ಕಥೆ ಹೆಚ್ಚಾಗಿ ಇದೇ.

ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ನೀರು ಜಾಸ್ತಿ ಇಳಿಯುತ್ತದೆ. ಆ ದಿನ ರಾಡ್ ಬಿಟ್ಟು, ಸುಮ್ನೆ ನೋಡಲು ಹೋಗಿ. ಪೂರ್ತಿ ಇಳಿದಾಗ ದಡದುದ್ದಕ್ಕೆ ಅರ್ಧ ಕಿಲೋಮೀಟರ್ ನಡೆಯಿರಿ. ಒಂದೇ ಸಮ ಕಾಣುತ್ತಿದ್ದ ಮರಳಿನಲ್ಲಿ ತಗ್ಗು ಎಲ್ಲಿ, ದಿಣ್ಣೆ ಎಲ್ಲಿ ಅಂತ ಆಗ ಕಣ್ಣಿಗೆ ಬೀಳುತ್ತದೆ. ದಡದ ಪಕ್ಕದಲ್ಲೇ ಉದ್ದಕ್ಕೆ ಒಂದು ಹಳ್ಳ, ಅದರಾಚೆ ಮರಳಿನ ದಿಣ್ಣೆ, ದಿಣ್ಣೆ ಅಲ್ಲಲ್ಲಿ ಕಡಿದುಹೋಗಿರುತ್ತದೆ. ಹಳ್ಳದ ಎದುರಿಗಿರುವ ಗಾಳಿಮರವನ್ನೋ ಬೀದಿದೀಪದ ಕಂಬವನ್ನೋ ಗುರುತು ಇಟ್ಟುಕೊಳ್ಳಿ. ಒಂದು ಫೋಟೋ ತೆಗೆಯಿರಿ. ಮರದಿಂದ ಹಳ್ಳಕ್ಕೆ ಎಷ್ಟು ಹೆಜ್ಜೆ ಅಂತ ಎಣಿಸಿ. ನನಗೆ ಮೀನು ಸಿಗಲು ಶುರುವಾದದ್ದು ಈ ಎಣಿಕೆಯಿಂದ.

ಇನ್ನೊಂದು ದಿನ ನೀರು ಏರುವಾಗ ಅದೇ ಜಾಗಕ್ಕೆ ಬನ್ನಿ. ದಿಣ್ಣೆಯ ಮೇಲೆ ಅಲೆ ಒಡೆದು ಬಿಳಿ ನೊರೆ ಏಳುತ್ತದೆ. ಹಳ್ಳದ ಮೇಲೆ ನೊರೆ ಸಾಯುತ್ತದೆ, ನೀರು ಸ್ವಲ್ಪ ಕಪ್ಪಗೆ ಕಾಣುತ್ತದೆ. ಅಲೆ ಕೆದಕಿದ ಹುಳ, ಸಣ್ಣ ಸಿಗಡಿ ಎಲ್ಲ ಆ ಹಳ್ಳಕ್ಕೆ ಬಂದು ಸೇರುತ್ತವೆ. ಕಾಣೆಯೂ ಅಲ್ಲಿಗೇ ಬರುತ್ತದೆ. ಹೆಚ್ಚಿನ ದಿನ 20 ಮೀಟರ್ ದೂರಕ್ಕೆ ಎಸೆದರೆ ಸಾಕು. ಪೂರ್ತಿ ಉಬ್ಬರಕ್ಕೆ ಎರಡು ಗಂಟೆ ಮೊದಲು ಶುರು ಮಾಡಿ. ಅದು ಬೆಳಗಿನ ಜಾವಕ್ಕೋ ಸಂಜೆಗೋ ಕೂಡಿ ಬಂದರೆ ಇನ್ನೂ ಒಳ್ಳೆಯದು.

ಒಂದು ಎಚ್ಚರಿಕೆ. ದಿಣ್ಣೆ ಕಡಿದ ಜಾಗದಲ್ಲಿ ಅಲೆ ಇಲ್ಲದೆ ನೀರು ಶಾಂತವಾಗಿ ಕಾಣುತ್ತದೆ, ಅಲ್ವಾ? ದಡಕ್ಕೆ ಬಂದ ನೀರೆಲ್ಲ ವಾಪಸ್ ಸಮುದ್ರಕ್ಕೆ ಎಳೆದುಕೊಂಡು ಹೋಗುವ ದಾರಿ ಅದೇ. ಅಲ್ಲಿ ಮೊಣಕಾಲಿನವರೆಗೂ ಇಳಿಯಬೇಡಿ. ಸೋಮೇಶ್ವರದ ರುದ್ರಪಾದೆಯ ಬಂಡೆಗಳ ಮೇಲೂ ಹೊಸಬರು ನಿಲ್ಲಬಾರದು. ಪಾಚಿಯ ಮೇಲೆ ಕಾಲು ಜಾರಿದರೆ ಹಿಡಿಯಲು ಏನೂ ಸಿಗುವುದಿಲ್ಲ.

ಸಸಿಹಿತ್ಲಿನಲ್ಲಿ ಶಾಂಭವಿ, ನಂದಿನಿ ನದಿಗಳು, ಕೋಡಿಬೆಂಗ್ರೆಯಲ್ಲಿ ಸುವರ್ಣಾ, ಸೀತಾ ನದಿಗಳು ಸಮುದ್ರ ಸೇರುತ್ತವೆ. ಅಳಿವೆಯಲ್ಲಿ ದೊಡ್ಡ ಮೀನು ಇದೆ, ನಿಜ. ಸೆಳೆತವೂ ಅಷ್ಟೇ ಇದೆ. ಮೊದಲ ವರ್ಷ ಮರಳಿನ ದಡದಲ್ಲೇ ಕಲಿಯಿರಿ.

ಎರೆಗೆ ಮೀನು ಮಾರ್ಕೆಟಿನ ಸಣ್ಣ ಸಿಗಡಿ ಸಾಕು. ತಾಜಾ ಇರಬೇಕು, ಸಿಪ್ಪೆ ಸಮೇತ ಇರಬೇಕು. ಬೆರಳಿನ ಗೆಣ್ಣಿನಷ್ಟು ತುಂಡು ಮಾಡಿ, ಬಾಲದ ಕಡೆಯಿಂದ ಮುಳ್ಳು ಚುಚ್ಚಿ, ಮೊನೆ ಸ್ವಲ್ಪ ಹೊರಗೆ ಕಾಣಲಿ. ಕೆರೆಯಲ್ಲಿ ನಡೆಯುವ ಮೈದಾ ಉಂಡೆ ಇಲ್ಲಿ ಎರಡನೇ ಅಲೆಗೇ ಕರಗುತ್ತದೆ. ನನಗೆ ಇಷ್ಟದ ಎರೆ ಬಿಟ್ಟಿಯಾಗಿ ಕಾಲಡಿಯಲ್ಲೇ ಸಿಗುತ್ತದೆ. ಅಲೆ ಹಿಂದೆ ಸರಿಯುವಾಗ ಒದ್ದೆ ಮರಳನ್ನು ಬಗ್ಗಿ ನೋಡಿ. ನೀರು ಜಾರುವಲ್ಲಿ ಬಾಣದ ತುದಿಯಂಥ ಸಣ್ಣ ಗೆರೆಗಳು ಮೂಡುತ್ತವೆ. ಕೂಡಲೇ ಅಲ್ಲಿ ಕೈ ಹಾಕಿ ಒಂದು ಹಿಡಿ ಮರಳು ಎತ್ತಿ. ಹುಣಸೆ ಬೀಜದಂಥ ಬೂದು ಬಣ್ಣದ ಪುಟ್ಟ ಏಡಿ ಅಂಗೈಯಲ್ಲಿ ಹಿಂದಕ್ಕೆ ಹಿಂದಕ್ಕೆ ಕೊರೆಯುತ್ತಾ ಕಚಗುಳಿ ಇಡುತ್ತದೆ. ಅದು ಕಚ್ಚುವುದಿಲ್ಲ. ಬೇಕಾದಷ್ಟೇ ಹಿಡಿಯಿರಿ.

ಎಸೆದ ಮೇಲೆ ದಾರ ಬಿಗಿಯಾಗಿರಲಿ, ಒಂದು ಬೆರಳು ದಾರದ ಮೇಲಿರಲಿ. ಅಲೆ ಎಳೆದರೆ ನಿಧಾನಕ್ಕೆ ಎಳೆಯುತ್ತದೆ. ಕಾಣೆ ಟಕ್ ಟಕ್ ಎಂದು ಕುಟ್ಟುತ್ತದೆ. ಜೋರಾಗಿ ಜಗ್ಗಬೇಡಿ, ರಾಡ್ ಮೆಲ್ಲಗೆ ಎತ್ತಿ ಸುತ್ತಿಕೊಳ್ಳಿ.

ಮೀಸೆ ಇರುವ ಮೀನು ಬಂದರೆ ಬರಿಗೈ ಹಾಕಬೇಡಿ. ಅದರ ಬೆನ್ನಿನಲ್ಲಿ ಒಂದು, ಎರಡೂ ಪಕ್ಕದಲ್ಲಿ ಒಂದೊಂದು ವಿಷದ ಮುಳ್ಳು ಇರುತ್ತದೆ. ಚಪ್ಪಟೆ ಮೈಯ, ಚಾಟಿಯಂಥ ಬಾಲದ ತೊರಕೆ ಮೀನಿನ ಬಾಲವೂ ಹಾಗೇ. ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಿನಲ್ಲಿ ಕೈ ಅದ್ದಿ, ನಂತರ ಆಸ್ಪತ್ರೆಗೆ ಹೋಗಿ. ಪಕ್ಕದಲ್ಲಿ ಕೈರಂಪಣಿ ಎಳೆಯುತ್ತಿದ್ದರೆ ನಿಮ್ಮ ದಾರ ಸುತ್ತಿಕೊಂಡು ಜಾಗ ಬಿಡಿ. ಅವರಿಗೆ ಅದು ದಿನದ ಅನ್ನ.

ಜೂನ್‌ನಿಂದ ಆಗಸ್ಟ್‌ವರೆಗೆ ಈ ದಡಕ್ಕೆ ಬರಲೇಬೇಡಿ. ಮಳೆಗಾಲದ ಅಲೆ ಮರಳನ್ನೆಲ್ಲ ಎಳೆದುಕೊಂಡು ಹೋಗುತ್ತದೆ, ಆಮೇಲೆ ನಿಧಾನಕ್ಕೆ ತಂದು ಹಾಕುತ್ತದೆ. ಹಳೆಯ ಹಳ್ಳ ಹಳೆಯ ಜಾಗದಲ್ಲಿ ಇರುವುದಿಲ್ಲ. ಗಾಳಿಮರದಿಂದ ಹೆಜ್ಜೆ ಎಣಿಸುವುದನ್ನು ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಮನೆಗೆ ಬಂದ ಕೂಡಲೇ ರೀಲಿಗೆ ಸಿಹಿನೀರು ಸುರಿದು, ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಒಣಗಲು ಇಡಿ. ಮೀನು ಹೆಚ್ಚುವುದು ಆಮೇಲೆ.