ಸೆಕೆಂಡ್ ಹ್ಯಾಂಡ್ ಔಡಿ ಟಿಟಿ: ಟೋಕನ್ ಕೊಡುವ ಮುಂಚೆ ಬಾನೆಟ್ ಮುಟ್ಟಿ ನೋಡಿ

ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು ಕೊಳ್ಳಲು ಹೊರಟವರು ಭಾನುವಾರ ಮಧ್ಯಾಹ್ನವೇ ಹೋಗುತ್ತಾರೆ. ಜೊತೆಗೊಬ್ಬ ಗೆಳೆಯ. ಅಷ್ಟರಲ್ಲಿ ಡೀಲರ್ ಗಾಡಿ ಸ್ಟಾರ್ಟ್ ಮಾಡಿಟ್ಟಿರುತ್ತಾನೆ, ಒಳಗೆ ಎಸಿ ತಣ್ಣಗಿರುತ್ತದೆ, ಟೈರು ಪಾಲಿಶ್ ಹೊಡೆದು ಮಿಂಚುತ್ತಿರುತ್ತದೆ. ಇವರು ಒಂದು ಸುತ್ತು ಹಾಕಿ, ಸೀಟಿನಲ್ಲಿ ಕೂತು ಫೋಟೊ ತೆಗೆಸಿಕೊಂಡು, ಐವತ್ತು ಸಾವಿರ ಚೌಕಾಶಿ ಮಾಡಿ, ಟೋಕನ್ ಕೊಟ್ಟು ಬರುತ್ತಾರೆ. ಆರೇಳು ತಿಂಗಳಲ್ಲಿ ಅದೇ ಗಾಡಿ ಮತ್ತೆ ಮಾರಾಟಕ್ಕೆ ನಿಂತಿರುತ್ತದೆ. ಇದನ್ನು ನೋಡಿ ನೋಡಿ ಸಾಕಾಗಿದೆ. ಹಾಗಾಗಿ ಈ ಲೇಖನ.

ಯಾವ ಗಾಡಿ?

ನಮ್ಮ ದೇಶದಲ್ಲಿ ಕೈಗೆಟುಕುವ ಕೂಪೆ (ಎರಡು ಬಾಗಿಲಿನ ಕಾರು) ಅಂದರೆ ಆಯ್ಕೆ ಬಹಳ ಕಡಿಮೆ. ನಿಸಾನ್ 370ಝಡ್ ಬಂದದ್ದೇ ಬೆರಳೆಣಿಕೆಯಷ್ಟು, ಬಿಡಿಭಾಗಕ್ಕೆ ಕಾಯಬೇಕು. ಫೋರ್ಡ್ ಮಸ್ಟಾಂಗ್ ಇನ್ನೂ ದುಬಾರಿ. ನನ್ನ ಓಟು ಔಡಿ ಟಿಟಿಗೆ. ಅದಕ್ಕೆ ಅದರ ಚಂದ ಕಾರಣ ಅಲ್ಲ. ಅದರ 2.0 ಲೀಟರ್ ಟರ್ಬೊ ಎಂಜಿನ್ನು ಸ್ಕೋಡಾ, ಫೋಕ್ಸ್‌ವ್ಯಾಗನ್ ಗಾಡಿಗಳ ಎಂಜಿನ್ ಮನೆತನದ್ದೇ. 2015ರ ನಂತರದ ಟಿಟಿಯ 230 ಪಿಎಸ್ (ಅಶ್ವಶಕ್ತಿಯ ಅಳತೆ) ಎಂಜಿನ್ನು, ಆರು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸು ಎರಡೂ 2017ರಲ್ಲಿ ಇಲ್ಲಿಗೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನಲ್ಲೂ ಇದ್ದವು. ಅಂದರೆ ಶೋರೂಮಿಗೇ ಹೋಗಬೇಕು ಅಂತಿಲ್ಲ. ಸ್ಕೋಡಾ ಕೆಲಸ ಗೊತ್ತಿರುವ ಒಳ್ಳೆ ಹೊರಗಿನ ಗ್ಯಾರೇಜಿನಲ್ಲೂ ಕೆಲಸ ಆಗುತ್ತದೆ.

ಟಿಟಿಯಲ್ಲಿ ಎರಡನೇ ತಲೆಮಾರು 8ಜೆ, 2006ರಿಂದ 2014ರದ್ದು. ಮೂರನೆಯದು 8ಎಸ್, ಇಲ್ಲಿಗೆ 2015ರಲ್ಲಿ ಬಂತು, ಆಗಲೇ ಬೆಲೆ 60 ಲಕ್ಷದ ಆಸುಪಾಸು. ಹಳೆಯ 8ಜೆ ಈಗ ಹೊಸ ಕ್ರೆಟಾದ ದುಡ್ಡಿಗೆ ಸಿಗುತ್ತದೆ. ಕೈಯಲ್ಲಿ ದುಡ್ಡಿದ್ದರೆ ಕಣ್ಣು ಮುಚ್ಚಿಕೊಂಡು 8ಎಸ್ ತಗೊಳ್ಳಿ. ಇಲ್ಲವಾದರೆ 2010ರ ನಂತರದ 211 ಪಿಎಸ್‌ನ 8ಜೆ ತಗೊಳ್ಳಿ, ಆದರೆ ಕೆಳಗೆ ಹೇಳುವ ಪರೀಕ್ಷೆ ಪಾಸಾದರೆ ಮಾತ್ರ. 3.2 ಲೀಟರಿನ ಆರು ಸಿಲಿಂಡರ್ ವಿ6 ಎಂಜಿನ್ನಿನ ಸದ್ದು ಚೆನ್ನಾಗಿದೆ, ನಿಜ. ಆದರೆ ಅದರ ಟೈಮಿಂಗ್ ಚೈನ್ (ವಾಲ್ವುಗಳನ್ನು ಸರಿಯಾದ ಹೊತ್ತಿಗೆ ಆಡಿಸುವ ಸರಪಳಿ) ಇರುವುದು ಗೇರ್‌ಬಾಕ್ಸ್ ಕಡೆಗೆ. ಚೈನ್ ಕೆಲಸ ಅಂದರೆ ಗೇರ್‌ಬಾಕ್ಸ್ ಇಳಿಸಲೇಬೇಕು. ಬೇಡ, ಬಿಡಿ.

ಇನ್ನೊಂದು ಮಾತು. ನಿಮ್ಮ ಬಜೆಟ್ಟಿನ ಕಾಲು ಭಾಗ ಆಮೇಲಿನ ಕೆಲಸಕ್ಕೆ ಅಂತ ಪಕ್ಕಕ್ಕೆ ಎತ್ತಿಡಿ. ಉಳಿದ ಮುಕ್ಕಾಲಿಗೆ ಸಿಗುವ ಗಾಡಿ ಮಾತ್ರ ನಿಮ್ಮದು.

ಕಾಗದ ಮೊದಲು, ಕಾರು ಆಮೇಲೆ

ಇದು ಮನೆಯಲ್ಲಿ ಕೂತು ಮಾಡುವ ಕೆಲಸ. ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿ. ಎಷ್ಟನೇ ಮಾಲೀಕರು, ಸಾಲ ಇದೆಯಾ, ಇನ್ಶೂರೆನ್ಸ್ ಎಲ್ಲಿಯ ತನಕ, ಎಲ್ಲ ಬರುತ್ತದೆ. ಟ್ರಾಫಿಕ್ ದಂಡ ಬಾಕಿ ಇದೆಯಾ ಅಂತಲೂ ನೋಡಿ. ಸ್ಪೋರ್ಟ್ಸ್ ಕಾರು ಓಡಿಸಿದವರ ದಂಡದ ಪಟ್ಟಿ ಉದ್ದವೇ ಇರುತ್ತದೆ.

ದೆಹಲಿ ಗಾಡಿ ಅಗ್ಗ ಅಂತ ಜಿಗಿಯಬೇಡಿ. 15 ವರ್ಷ ದಾಟಿದ ಪೆಟ್ರೋಲ್ ಗಾಡಿಗೆ ಅಲ್ಲಿ ನಿರ್ಬಂಧ ಬಂದ ಮೇಲೆ ಗಡುವಿನ ಹತ್ತಿರ ಬಂದವು ದಕ್ಷಿಣಕ್ಕೆ ಇಳಿಯತೊಡಗಿದವು. ಬೇರೆ ರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಟ್ಟುಕೊಂಡರೆ ಇಲ್ಲೇ ರಿಜಿಸ್ಟರ್ ಮಾಡಿಸಬೇಕು. ಆಗ ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು. 20 ಲಕ್ಷ ಮೀರಿದ ಕಾರಿಗೆ ಅದು ಶೇ 18. ಗಾಡಿಯ ವಯಸ್ಸಿಗೆ ತಕ್ಕಂತೆ ಕಡಿಮೆಯಾಗುತ್ತದೆ, ನಿಜ. ಆದರೆ ಲೆಕ್ಕ ಹಾಕುವುದು ನೀವು ಕೊಟ್ಟ ಬೆಲೆಯ ಮೇಲಲ್ಲ, ಅದು ಹೊಸದಾಗಿದ್ದಾಗಿನ ಬೆಲೆಯ ಮೇಲೆ. ಉಳಿಸಿದ್ದೇವೆ ಅಂದುಕೊಂಡ ಮೂರು ಲಕ್ಷ ಅಲ್ಲೇ ಹೋಗುತ್ತದೆ. ಕೆಎ ನಂಬರ್ ಗಾಡಿಯೇ ಹುಡುಕಿ.

ಹೆಚ್ಚಿನವರಿಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಟಿಟಿ ಪೂರ್ತಿ ಆಮದಾದ ಗಾಡಿ. 15 ವರ್ಷ ತುಂಬಿದ ಮೇಲೆ ಆರ್‌ಸಿ ನವೀಕರಣಕ್ಕೆ ಮಾಮೂಲಿ ಕಾರಿನಂತೆ 5,000 ರೂಪಾಯಿ ಅಲ್ಲ, 40,000. ಇಪ್ಪತ್ತು ವರ್ಷ ದಾಟಿದರೆ 2025ರ ಪರಿಷ್ಕರಣೆಯ ಪ್ರಕಾರ 80,000. 2010ರ ಗಾಡಿ ನೋಡುತ್ತಿದ್ದರೆ ಈ ದುಡ್ಡು ಯಾರು ಕಟ್ಟುತ್ತಾರೆ ಅಂತ ಮೊದಲ ಫೋನಿನಲ್ಲೇ ಕೇಳಿ.

ಬೆಳಿಗ್ಗೆ ಏಳಕ್ಕೆ ಹೋಗಿ

ಎಲ್ಲರೂ ಎಡವುವುದು ಇಲ್ಲಿ. ಹಿಂದಿನ ದಿನವೇ ಹೇಳಿ: “ಸಾರ್, ಬೆಳಿಗ್ಗೆ ಏಳಕ್ಕೆ ಬರ್ತೀನಿ. ನಾನು ಬರೋ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ.” ಹೋದ ಕೂಡಲೇ ಕೈಕುಲುಕುವ ಮುಂಚೆ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ “ಈಗಷ್ಟೇ ತೊಳೆಯೋಕೆ ಹೊರಗೆ ತೆಗೆದ್ವಿ ಸಾರ್” ಅನ್ನುವ ಉತ್ತರ ಸಿದ್ಧ ಇರುತ್ತದೆ. ತೊಳೆಯಲಿ, ಪರವಾಗಿಲ್ಲ. ನಾಳೆ ಬರ್ತೀನಿ ಅಂತ ಹೇಳಿ ಎದ್ದು ಬನ್ನಿ.

ಇಷ್ಟು ಹಟ ಯಾಕೆ ಅಂದರೆ, ಈ ಎಂಜಿನ್ನಿನ ಒಳಗೆ ಒಂದು ಟೈಮಿಂಗ್ ಚೈನ್ ಇದೆ. ಅದನ್ನು ಬಿಗಿಯಾಗಿ ಹಿಡಿದಿಡುವುದು ಟೆನ್ಷನರ್. ಟೆನ್ಷನರಿಗೆ ಬಲ ಬರುವುದು ಆಯಿಲ್ ಒತ್ತಡದಿಂದ. ರಾತ್ರಿಯೆಲ್ಲ ಗಾಡಿ ನಿಂತರೆ ಆ ಒತ್ತಡ ಇಳಿಯುತ್ತದೆ. ಸ್ಟಾರ್ಟ್ ಮಾಡಿದ ಮೊದಲ ಒಂದೆರಡು ಸೆಕೆಂಡು ಚೈನನ್ನು ಕಾಯುವುದು ಟೆನ್ಷನರ್ ಒಳಗಿನ ಒಂದು ಸಣ್ಣ ಲಾಕ್. ಈ 211 ಪಿಎಸ್ ಎಂಜಿನ್ನುಗಳಲ್ಲಿ ಸುಮಾರು 2012ರ ತನಕ ಬಂದ ಹಳೇ ಮಾದರಿಯ ಟೆನ್ಷನರ್‌ನಲ್ಲಿ ಆ ಲಾಕ್ ಕೈಕೊಡುವುದು ಜಗತ್ತಿಗೇ ಗೊತ್ತಿರುವ ಕಾಯಿಲೆ. ಕೈಕೊಟ್ಟರೆ ಚೈನ್ ಸಡಿಲವಾಗಿ ಹಲ್ಲು ದಾಟುತ್ತದೆ, ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ. ಆಮೇಲೆ ಹೆಡ್ ಇಳಿಸದೆ ಗತಿಯಿಲ್ಲ. ಒಮ್ಮೆ ಬಿಸಿಯಾದ ಎಂಜಿನ್ ಈ ಗುಟ್ಟನ್ನು ಬಿಟ್ಟುಕೊಡುವುದೇ ಇಲ್ಲ. ಡೀಲರುಗಳಿಗೆ ಇದು ಚೆನ್ನಾಗಿ ಗೊತ್ತು.

ಕೇಳುವ ಕ್ರಮ ಹೀಗೆ. ಬಾನೆಟ್ ಎತ್ತಿ. ಡ್ರೈವರ್ ಬದಿಯ ಮುಂದಿನ ಚಕ್ರದ ಹತ್ತಿರ, ಫೆಂಡರ್ (ಚಕ್ರದ ಮೇಲಿನ ತಗಡು) ಪಕ್ಕ ನಿಲ್ಲಿ. ಚೈನ್ ಇರುವುದು ಆ ಕಡೆಗೆ. ಫೋನಿನಲ್ಲಿ ವಿಡಿಯೊ ಶುರು ಮಾಡಿ. ಜೊತೆಗೆ ಬಂದವರು ಸ್ಟಾರ್ಟ್ ಮಾಡಲಿ, ಆಕ್ಸಿಲರೇಟರ್ ಮುಟ್ಟಬಾರದು. ಮೊದಲ ಎರಡು ಮೂರು ಸೆಕೆಂಡು ಡಬ್ಬಿಯೊಳಗೆ ಸರಪಳಿ ಅಲ್ಲಾಡಿಸಿದ ಹಾಗೆ ಗರಗರ ಅಂದರೆ ಚೈನ್ ಸಡಿಲ. ಆಮೇಲೆ ಒಂದೇ ಸಮ ಬರುವ ಟಿಕ್ ಟಿಕ್ ಇಂಜೆಕ್ಟರಿನದು, ಅದು ಇರುವುದೇ ಹಾಗೆ. ಅದಕ್ಕೆ ಹೆದರಿ ಒಳ್ಳೆ ಗಾಡಿ ಬಿಟ್ಟು ಬಂದವರೂ ಇದ್ದಾರೆ. “ಹೊಸ ಟೆನ್ಷನರ್ ಹಾಕಿಸಿದ್ದೀವಿ” ಅಂದರೆ ಬಿಲ್ ಕೇಳಿ. ಬಿಲ್ ಇಲ್ಲದ ಟೆನ್ಷನರ್ ಹಾಕಿಯೇ ಇಲ್ಲ ಅಂದುಕೊಳ್ಳಿ. ಚೈನ್ ಸದ್ದು ನಿಲ್ಲಿಸುತ್ತೇವೆ ಅಂತ ಡಬ್ಬದಲ್ಲಿ ಮಾರುವ ಆಯಿಲ್ ಟ್ರೀಟ್‌ಮೆಂಟುಗಳಿವೆಯಲ್ಲ, ಅವು ಸದ್ದನ್ನು ಮಾರಾಟ ಆಗುವ ತನಕ ಮುಚ್ಚುತ್ತವೆ, ಅಷ್ಟೇ.

2010ಕ್ಕಿಂತ ಹಿಂದಿನ 200 ಪಿಎಸ್ ಎಂಜಿನ್ನಿನ ಕಥೆ ಬೇರೆ. ಅದರಲ್ಲಿರುವುದು ಟೈಮಿಂಗ್ ಬೆಲ್ಟ್. ಬದಲಿಸಿದ ದಿನಾಂಕ ಕೇಳಿ. ಅದರ ಹೈ ಪ್ರೆಶರ್ ಪೆಟ್ರೋಲ್ ಪಂಪಿನ ಕೆಳಗೆ ಕ್ಯಾಮ್ ಫಾಲೋವರ್ ಅಂತ ಲೋಟದ ಆಕಾರದ ಸಣ್ಣ ಭಾಗ ಇದೆ. ಅದು ಸವೆದು ತೂತಾದರೆ ವಾಲ್ವು ತೆರೆಯುವ ಕ್ಯಾಮ್‌ಶಾಫ್ಟಿಗೇ ಪೆಟ್ಟು. ಪಂಪ್ ಬಿಚ್ಚಿ ನೋಡುವುದು ಮೆಕ್ಯಾನಿಕ್‌ಗೆ ದೊಡ್ಡ ಕೆಲಸವಲ್ಲ.

ಎಂಜಿನ್ ಓಡುತ್ತಿರುವಾಗಲೇ ಸ್ಕ್ಯಾನರ್ ಹಾಕಿ. ಆನ್‌ಲೈನ್‌ನಲ್ಲಿ ಸಿಗುವ ಐನೂರು ರೂಪಾಯಿಯ ಬ್ಲೂಟೂತ್ ಡಾಂಗಲ್ ಸಾಲದು. ಅದು ಎಂಜಿನ್ನಿನ ಮಾಮೂಲಿ ದೋಷದ ಕೋಡ್ ಓದುತ್ತದೆ, ಗೇರ್‌ಬಾಕ್ಸ್ ಕಡೆ ತಿರುಗಿಯೂ ನೋಡುವುದಿಲ್ಲ. ವಿಸಿಡಿಎಸ್ (ಫೋಕ್ಸ್‌ವ್ಯಾಗನ್ ಬಳಗದ ಗಾಡಿಗಳನ್ನು ಪೂರ್ತಿ ಓದುವ ಸ್ಕ್ಯಾನರ್) ಇರುವ ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋಗಿ, ಅವರ ಫೀಸು ಕೊಡಿ. ಅಲ್ಲಿ ಎರಡು ವಿಷಯ ಕೇಳಬೇಕು. ಒಂದು, ರೆಡಿನೆಸ್, ಅಂದರೆ ಗಾಡಿ ತನ್ನನ್ನು ತಾನೇ ಪರೀಕ್ಷಿಸಿ ಮುಗಿಸಿದೆಯಾ ಅನ್ನುವ ಗುರುತು. ಕೋಡ್ ಒಂದೂ ಇಲ್ಲ, ಆದರೆ ರೆಡಿನೆಸ್ ಪೂರ್ತಿಯಾಗಿಲ್ಲ ಅಂದರೆ ನೀವು ಬರುವ ಸ್ವಲ್ಪ ಮುಂಚೆ ಯಾರೋ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ತೆಗೆದು ಹಾಕಿದ್ದಾರೆ. ಎರಡು, 211 ಪಿಎಸ್ ಎಂಜಿನ್ನಿನಲ್ಲಿ ಸ್ಕ್ಯಾನರ್ ತೋರಿಸುವ 93ನೇ ಗ್ರೂಪಿನ ಕ್ಯಾಮ್ ಫೇಸ್ (ಕ್ಯಾಮ್‌ಶಾಫ್ಟ್ ತನ್ನ ಜಾಗದಿಂದ ಎಷ್ಟು ಸರಿದಿದೆ ಅನ್ನುವ) ಅಂಕಿ. ಸೊನ್ನೆಯ ಹತ್ತಿರ ಇದ್ದರೆ ಸರಿ. ದೂರ ಹೋದಷ್ಟೂ ಚೈನ್ ಹಿಗ್ಗಿದೆ ಅಂತ ಅರ್ಥ.

ಆಯಿಲ್ ಕಡ್ಡಿ ಎಳೆದು ನೋಡಿ. ಈ ತಲೆಮಾರಿನ 211 ಪಿಎಸ್ ಎಂಜಿನ್ನುಗಳು ಆಯಿಲ್ ಕುಡಿಯುತ್ತವೆ. ಸಾವಿರ ಕಿ.ಮೀ.ಗೆ ಅರ್ಧ ಲೀಟರ್ ತನಕ ಮಾಮೂಲು ಅನ್ನುವುದು ಕಂಪನಿಯ ಲೆಕ್ಕ. ನನ್ನ ಲೆಕ್ಕದಲ್ಲಿ ಅದು ಪಿಸ್ಟನ್ ರಿಂಗ್ ಕೆಲಸದ ಮುನ್ಸೂಚನೆ. “ಟಾಪ್ ಅಪ್ ಎಷ್ಟು ದಿನಕ್ಕೊಮ್ಮೆ ಮಾಡ್ತೀರ?” ಅಂತ ಮಾಲೀಕರನ್ನು ಸಹಜವಾಗಿ ಕೇಳಿ. ಡಿಕ್ಕಿಯಲ್ಲಿ ಅರ್ಧ ಖಾಲಿಯಾದ ಆಯಿಲ್ ಕ್ಯಾನ್ ಇದ್ದರೆ ಕೇಳುವುದೇ ಬೇಡ.

ಅಯಸ್ಕಾಂತದ ಆಟ ಇಲ್ಲಿ ನಡೆಯಲ್ಲ

ಪುಟ್ಟಿ ಹಾಕಿದ್ದಾರಾ ಅಂತ ನೋಡಲು ಕೆಲವರು ಅಯಸ್ಕಾಂತ ತರುತ್ತಾರೆ. ಟಿಟಿಯ ಬಾನೆಟ್, ಮುಂದಿನ ಫೆಂಡರ್, ಚಾವಣಿ ಅಲ್ಯೂಮಿನಿಯಂ. ಒಂದು ಗೀರೂ ಇಲ್ಲದ ಗಾಡಿಗೂ ಅಯಸ್ಕಾಂತ ಅಂಟುವುದಿಲ್ಲ. ಪೇಂಟ್ ದಪ್ಪ ಅಳೆಯುವ ಮೀಟರ್ ಬೇಕು, ಅದೂ ಕಬ್ಬಿಣ, ಅಲ್ಯೂಮಿನಿಯಂ ಎರಡನ್ನೂ ಓದುವಂಥದ್ದು. ಕಂಪನಿ ಪೇಂಟ್ 100ರಿಂದ 150 ಮೈಕ್ರಾನ್ ಆಸುಪಾಸು ಇರುತ್ತದೆ. ಒಂದೇ ಕಡೆ 300 ದಾಟಿದರೆ ಅಲ್ಲಿ ಪುಟ್ಟಿ ಇದೆ. ಅಲ್ಯೂಮಿನಿಯಂ ಟಿಂಕರಿಂಗ್ ಎಲ್ಲರ ಕೈಲಿ ಆಗುವ ಕೆಲಸವಲ್ಲ. ಹಾಗಾಗಿ ಮುಂಭಾಗಕ್ಕೆ ಪೆಟ್ಟು ಬಿದ್ದ ಟಿಟಿ ನನ್ನ ಪ್ರಕಾರ ಎಷ್ಟು ಅಗ್ಗವಾದರೂ ಬೇಡ.

ನೀರು ನುಗ್ಗಿದ ಗಾಡಿ ಗುರುತಿಸುವುದು ಸುಲಭ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆಯಿರಿ. ತುದಿಯಲ್ಲಿ ಕೆಸರಿನ ಗೆರೆ ಇದ್ದರೆ ಹೊರಡಿ. 2015ರಲ್ಲಿ ಚೆನ್ನೈ, 2022ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕಡೆ ಮುಳುಗಿದ ದುಬಾರಿ ಗಾಡಿಗಳೆಲ್ಲ ಗುಜರಿಗೆ ಹೋಗಿಲ್ಲ.

ಬಾಗಿಲಿನ ಹಿಡಿ ಎಳೆದಾಗ ಗಾಜು ಒಂಚೂರು ಕೆಳಗಿಳಿಯಬೇಕು, ಮುಚ್ಚಿದಾಗ ಮೇಲೇರಬೇಕು. ಇಳಿಯದಿದ್ದರೆ ಬಾಗಿಲ ಲಾಕಿನೊಳಗಿನ ಸ್ವಿಚ್ ಹೋಗಿದೆ. ಸಣ್ಣ ರಿಪೇರಿ, ಚೌಕಾಶಿಗೆ ಒಳ್ಳೆ ನೆಪ.

ಓಡಿಸಿ, ನಿಮ್ಮ ಮನೆಗೇ ತನ್ನಿ

ಖಾಲಿ ರಸ್ತೆಯಲ್ಲಿ ಝೂಮ್ ಅಂತ ಎಳೆದರೆ ಏನೂ ಗೊತ್ತಾಗುವುದಿಲ್ಲ. ಇಪ್ಪತ್ತು ನಿಮಿಷ ಟ್ರಾಫಿಕ್ಕಿನಲ್ಲಿ ತೆವಳಿಸಿ. ಒಂದರಿಂದ ಎರಡನೇ ಗೇರಿಗೆ ಹೋಗುವಾಗ ನಡುಗಿದರೆ, ರಿವರ್ಸ್ ಹಾಕಿದಾಗ ತಡವಾಗಿ ಧಡ್ ಅಂತ ಎಳೆದರೆ ಗೇರ್‌ಬಾಕ್ಸ್ ದುಡ್ಡು ಕೇಳುತ್ತದೆ. ಕೊನೆಗೆ ಗಾಡಿಯನ್ನು ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿಸಿ, ರಿವರ್ಸ್‌ನಲ್ಲಿ ರ‍್ಯಾಂಪ್ ಹತ್ತಿಸಿ. ಗೇರ್‌ಬಾಕ್ಸ್ ಪರೀಕ್ಷೆಯೂ ಆಯಿತು, ತಳ ಉಜ್ಜುತ್ತದಾ ಅಂತಲೂ ತಿಳಿಯಿತು. ಟೋಕನ್ ಕೊಟ್ಟ ಮೇಲೆ ಇದನ್ನು ಕಂಡುಕೊಂಡವರು ಗಾಡಿಯನ್ನು ಬೀದಿಯಲ್ಲಿ ನಿಲ್ಲಿಸುತ್ತಾರೆ.

ದುಡ್ಡು, ಹೆಸರು ಬದಲಾವಣೆ

ಫಾರಂ 29, 30. ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ ಜೊತೆ 35. ಆರ್‌ಸಿಯಲ್ಲಿರುವ ಚಾಸಿಸ್ ನಂಬರನ್ನು ಗಾಡಿಯ ಮೇಲಿನದಕ್ಕೆ ನೀವೇ ಹೋಲಿಸಿ ನೋಡಿ. ಖಾಲಿ ಫಾರಂ ಮೇಲೆ ಸಹಿ ಹಾಕಿಸಿಟ್ಟುಕೊಂಡಿರುವ ಬ್ರೋಕರ್ ಹತ್ತಿರ ವ್ಯವಹಾರ ಬೇಡವೇ ಬೇಡ. 2023ರ ಏಪ್ರಿಲ್‌ನಿಂದ ಹಳೇ ಗಾಡಿ ಮಾರುವ ಡೀಲರಿಗೂ ಆರ್‌ಟಿಒ ಕೊಡುವ ಅಧಿಕೃತ ಪತ್ರ ಇರಬೇಕು. ತೋರಿಸಿ ಅನ್ನಿ. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಬದಲಿಸಲು ಹದಿನಾಲ್ಕು ದಿನದೊಳಗೆ ಅರ್ಜಿ ಹಾಕಬೇಕು. ತಡವಾದರೆ ನಿಮ್ಮ ಗಾಡಿಯ ಡ್ಯಾಮೇಜಿಗೆ ದುಡ್ಡು ಹುಟ್ಟುವುದು ಕಷ್ಟ. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ ನಿಮಗೆ ಸಿಗಲ್ಲ, ಅದು ಅವರದೇ.

ಮೊದಲ ತಿಂಗಳು

ಸರ್ವಿಸ್ ಆಗಿದೆ ಅಂತ ಯಾರು ಹೇಳಿದರೂ ಎಂಜಿನ್ ಆಯಿಲ್, ಬ್ರೇಕ್ ಆಯಿಲ್, ಕೂಲೆಂಟ್ ಬದಲಿಸಿ. ಆಯಿಲ್ ಡಬ್ಬದ ಮೇಲೆ 502 00 (ಫೋಕ್ಸ್‌ವ್ಯಾಗನ್‌ನ ಆಯಿಲ್ ಗುಣಮಟ್ಟದ ಸಂಖ್ಯೆ) ಅಂತ ಬರೆದಿರಲೇಬೇಕು, ಬ್ರ್ಯಾಂಡ್ ಯಾವುದಾದರೂ ಸರಿ. ಗೇರ್‌ಬಾಕ್ಸಿಗೆ 60,000 ಕಿ.ಮೀ.ಗೊಮ್ಮೆ ಆಯಿಲ್ ಜೊತೆ ಫಿಲ್ಟರೂ ಬದಲಾಗಬೇಕು. ನಾಲ್ಕು ಚಕ್ರಕ್ಕೂ ಎಳೆತ ಇರುವ ಕ್ವಾಟ್ರೊ ಆದರೆ ಹಿಂದಿನ ಚಕ್ರಗಳಿಗೆ ಬಲ ದಾಟಿಸುವ ಹಾಲ್ಡೆಕ್ಸ್ ಭಾಗದ ಆಯಿಲನ್ನು ಮರೆಯಬೇಡಿ. ಹೊರಗಿನ ಗ್ಯಾರೇಜುಗಳು ಇದನ್ನೇ ಬಿಡುತ್ತವೆ. ಎಂಜಿನ್ ಆಯಿಲಿಗೆ ಕಂಪನಿ 15,000 ಕಿ.ಮೀ. ಅನ್ನುತ್ತದೆ. ನಮ್ಮ ಟ್ರಾಫಿಕ್ಕಿಗೆ 7,500 ಸಾಕು.

ಟೈರಿನ ಗೋಡೆಯ ಮೇಲೆ ನಾಲ್ಕಂಕಿ ನೋಡಿ. 2316 ಅಂದರೆ 2016ರ 23ನೇ ವಾರದಲ್ಲಿ ತಯಾರಾದದ್ದು. ಸ್ಪೋರ್ಟ್ಸ್ ಕಾರು ಓಡಿದ್ದಕ್ಕಿಂತ ನಿಂತದ್ದೇ ಜಾಸ್ತಿ. ಹಾಗಾಗಿ ಟೈರಿನ ಗೆರೆಗಳು ಆಳವಾಗಿದ್ದರೂ ರಬ್ಬರ್ ಕಲ್ಲಾಗಿರುತ್ತದೆ. ಆರು ವರ್ಷ ದಾಟಿದ್ದರೆ ನಾಲ್ಕನ್ನೂ ಬದಲಿಸಿ. ಎತ್ತಿಟ್ಟ ಕಾಲು ಭಾಗ ಈಗ ಕೈಗೆ ಬರುತ್ತದೆ. ಅದರಲ್ಲಿ ಸೆರಾಮಿಕ್ ಕೋಟಿಂಗ್, ಪಿಪಿಎಫ್ (ಪೇಂಟ್ ಕಾಯುವ ಪ್ಲಾಸ್ಟಿಕ್ ಹಾಳೆ) ಅಂತ ಖರ್ಚು ಮಾಡಬೇಡಿ. ಎಂಜಿನ್ ಸಾಫ್ಟ್‌ವೇರ್ ಬದಲಿಸಿ ಪವರ್ ಹೆಚ್ಚಿಸುವ ಸ್ಟೇಜ್ ಒನ್ ಮ್ಯಾಪ್ ಬೇಕೇ ಬೇಕು ಅನ್ನುವವರು ಗೇರ್‌ಬಾಕ್ಸಿನ ಕ್ಲಚ್ ಪ್ಯಾಕ್ ಬೆಲೆ ಎಷ್ಟು ಅಂತ ಮೊದಲು ಗ್ಯಾರೇಜಿನಲ್ಲಿ ಕೇಳಿಕೊಂಡು ಬನ್ನಿ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮಿತಿ ಹೇಗೂ ನೂರೇ, ಕ್ಯಾಮೆರಾ ಬೇರೆ ಇದೆ.